ಊಟದ ಮೇಜಿನ ಮುಂದೆ ಸುಮ್ಮನೆ ಕೂತವರಿಗೆ

ಕುಂದಲಹಳ್ಳಿ, ತೂಬರಹಳ್ಳಿ, ಬ್ರೂಕ್‌ಫೀಲ್ಡ್ ಸುತ್ತಿನ ಮನೆಗಳ ಗಂಡುಮಕ್ಕಳಿಗೆ,



ಹೆಂಡತಿಯ ಮೇಲೆ ಕೈ ಮಾಡುವವರಿಗೆ ಹೇಳಬೇಕಾದ್ದನ್ನು ಕಾನೂನು ಹೇಳಿದೆ, ಪೊಲೀಸರು ಹೇಳಬೇಕು. ನಾನು ಬರೆಯುತ್ತಿರುವುದು ಊರಿನಲ್ಲಿ ಒಳ್ಳೆಯವರೆಂದು ಹೆಸರು ಪಡೆದಿರುವ ನಿಮಗೆ. ನೀವು ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ. ಮನೆಯಲ್ಲಿ ಮೂವರು ಸೇರಿ ಒಬ್ಬಳನ್ನು ಮಾತಿನಲ್ಲಿ ಹಣಿಯುವಾಗ ಮಾತ್ರ ಫೋನ್ ಕೈಗೆತ್ತಿಕೊಂಡು ಬಾಲ್ಕನಿಗೆ ಹೋಗುತ್ತೀರಿ. ಆ ಬಾಲ್ಕನಿಯ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು.

ಅದಕ್ಕೆ ನೆಪವಾದದ್ದು ಒಂದು ಪುಸ್ತಕ. ನಮ್ಮ ಬಡಾವಣೆಯಲ್ಲಿ ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಮನೆಯೊಳಗಿನ ಭಯದ ಕತೆಗಳೆಂದರೆ ಈಗಿನ ಹುಡುಗ ಹುಡುಗಿಯರಿಗೆ ಬಹಳ ಇಷ್ಟ. ಗಂಡನ ಮೇಲೆ ಹೆಂಡತಿಗೆ ಅನುಮಾನ, ಹೆಂಡತಿ ಕಾಣೆಯಾಗುವುದು, ಮಹಡಿಯ ಮೇಲೊಂದು ಬೀಗ ಹಾಕಿದ ಕೋಣೆ, ಇಂಥ ಇಂಗ್ಲಿಷ್ ಕಾದಂಬರಿಗಳನ್ನು ಮೆಟ್ರೋದಲ್ಲಿ ನಿಂತುಕೊಂಡೇ ಓದಿ ಮುಗಿಸುತ್ತಾರೆ. ಒಮ್ಮೆ ಅವರ ಮುಂದೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಟ್ಟೆವು. 2013ರಲ್ಲಿ ಕನ್ನಡದಲ್ಲಿ ಬಂದ ಕತೆ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಿಂದ ಹೊರದೇಶಗಳಿಗೂ ಹೋಯಿತು. ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ರಕ್ತಪಾತವಿಲ್ಲ, ಪತ್ತೇದಾರಿಯಿಲ್ಲ. ಆದರೂ ನಾನು ಓದಿದ ಕನ್ನಡ ಪುಸ್ತಕಗಳಲ್ಲಿ ಇದರಷ್ಟು ಹೆದರಿಸಿದ್ದು ಇನ್ನೊಂದಿಲ್ಲ.

ಓದದವರಿಗಾಗಿ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಸಂಸಾರ. ಅಪ್ಪ ಚಹಾಪುಡಿ ಕಂಪನಿಯ ಸೇಲ್ಸ್‌ಮನ್. ಒಂದರ ಹಿಂದೊಂದು ಸಾಲಾಗಿರುವ ಪುಟ್ಟ ಕೋಣೆಗಳ ಮನೆ, ಮನೆ ತುಂಬ ಇರುವೆ. ಲೆಕ್ಕ ತಾಳೆಯಾಗದ ದಿನ ಮನೆಮಂದಿಯೆಲ್ಲ ಅಪ್ಪನ ಸುತ್ತ ಕೂರುತ್ತಾರೆ. ಅಪ್ಪನ ಕೆಲಸ ಹೋಗುತ್ತದೆ. ಆಗ ಬಂದ ಹಣವನ್ನು ಚಿಕ್ಕಪ್ಪನ ಮಸಾಲೆ ವ್ಯಾಪಾರಕ್ಕೆ ಹಾಕುತ್ತಾರೆ, ಅದು ಕೈ ಹಿಡಿಯುತ್ತದೆ. ದೊಡ್ಡ ಮನೆ ಬರುತ್ತದೆ, ಹೊಸ ಸಾಮಾನು ಬರುತ್ತವೆ. ಕತೆ ಹೇಳುತ್ತಿರುವ ಮಗ ಹೆಸರಿಗೆ ಮಾತ್ರ ಆ ಕಂಪನಿಯ ನಿರ್ದೇಶಕ. ಕೆಲಸವಿಲ್ಲ, ಸಂಬಳ ತಪ್ಪದೆ ಖಾತೆಗೆ ಬೀಳುತ್ತದೆ. ಹೈದರಾಬಾದಿನಿಂದ ಮದುವೆಯಾಗಿ ಬಂದ ಅನಿತಾಗೆ ಇದು ಗೊತ್ತಾಗುತ್ತದೆ. ಅವಳು ಮನಸ್ಸಿನಲ್ಲಿದ್ದದ್ದನ್ನು ನುಂಗಿಕೊಳ್ಳುವವಳಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ. ಕೊನೆಗೆ ತವರಿಗೆ ಹೋದವಳಿಂದ ಸುದ್ದಿಯಿಲ್ಲ. ಮಗ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಅವತ್ತಿನ ಮಾತುಕತೆಯಲ್ಲಿ ನಿಮ್ಮಲ್ಲೇ ಕೆಲವರಿದ್ದಿರಿ. ಒಬ್ಬರು ಕೇಳಿದಿರಿ: “ಕೊನೆಗೆ ಏನಾಯ್ತು ಅಂತಾನೇ ಹೇಳಿಲ್ವಲ್ಲ. ಅವಳನ್ನ ಕೊಂದ್ರಾ, ಇಲ್ವಾ?” ಹೆಂಗಸರ ಸಾಲಿನಿಂದ ಆ ಪ್ರಶ್ನೆ ಬರಲೇ ಇಲ್ಲ. ಅವರು ಬೇರೊಂದು ಘಟನೆ ಹಿಡಿದುಕೊಂಡಿದ್ದರು, ಗಂಟೆಗಟ್ಟಲೆ ಅದರ ಬಗ್ಗೆಯೇ ಮಾತಾಡಿದರು.

ಒಂದು ದಿನ ಅಪರಿಚಿತ ಹೆಂಗಸೊಬ್ಬಳು ಆ ಮನೆಯ ಬಾಗಿಲಿಗೆ ಬರುತ್ತಾಳೆ. ಚಿಕ್ಕಪ್ಪನನ್ನು ನೋಡಬೇಕಂತೆ. ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಇಬ್ಬರ ನಡುವೆ ಏನೋ ಇದೆ ಎನ್ನುವುದು ಎಲ್ಲರಿಗೂ ತಿಳಿಯುತ್ತದೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಮಗಳು ಮಾಲತಿ ಬಾಗಿಲಲ್ಲಿ ನಿಂತು ಅವಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ತಂದ ಅಡುಗೆ ನೆಲದ ಪಾಲಾಗುತ್ತದೆ. ಮನೆ ನಡೆಸುವವನು ಚಿಕ್ಕಪ್ಪ. ಅವನಿಗೆ ಬಿಸಿನೀರು, ತಿಂಡಿ, ಇಸ್ತ್ರಿ ಬಟ್ಟೆ ಎಲ್ಲ ಹೊತ್ತಿಗೆ ಸರಿಯಾಗಿ ಆಗಬೇಕು, ಅವನ ಹಣ ಇನ್ನೊಬ್ಬಳ ಕಡೆ ಹರಿಯಬಾರದು. ಬಂದವಳ ಪರವಾಗಿ ಮಾತಾಡಿದವಳು ಅನಿತಾ ಒಬ್ಬಳೇ. ಕತೆ ಹೇಳುವ ಮಗನೂ ಅಲ್ಲೇ ಇದ್ದ. ಎಲ್ಲ ನೋಡಿದ, ಅವನಿಗೆ ಬೇಸರವೂ ಆಯಿತು. ಒಂದು ಮಾತು ಆಡಲಿಲ್ಲ.

ನಮ್ಮ ಸಭೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಆಗ ಹೇಳಿದಳು: “ಆ ದಿನವೇ ಮುಗೀತು ಮಿಸ್, ಅನಿತಾ ಕತೆ. ಮುಂದೆ ಏನಾಯ್ತು ಅಂತ ಹೇಳೋದು ಏನಿದೆ?” ಈ ಪುಸ್ತಕದ ಬಗ್ಗೆ ಅದಕ್ಕಿಂತ ಸರಿಯಾದ ಮಾತು ನಾನು ಕೇಳಿಲ್ಲ. ಕತೆಯ ಕೊನೆಯ ಭಾಗದಲ್ಲಿ ಮನೆಯವರ ಹರಟೆಯ ನಡುವೆ ಕೊಲೆಯ ವಿಚಾರ ಹಗುರವಾಗಿ ಬಂದು ಹೋಗುತ್ತದೆ, ಯಾರೂ ಬೆಚ್ಚುವುದಿಲ್ಲ. ಓದುವ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಹರಟೆಗೆ ಜಾಗ ಸಿಕ್ಕಿದ್ದು ಮಗ ಅಂದು ಬಾಗಿಲಲ್ಲಿ ಸುಮ್ಮನೆ ನಿಂತಿದ್ದರಿಂದ. ಏನು ಮಾಡಿದರೂ ಇವನು ಕೇಳುವವನಲ್ಲ ಎಂದು ಮನೆಗೆ ಅವತ್ತೇ ತಿಳಿದುಹೋಯಿತು. ಅಪಾಯ ಚಿಕ್ಕಪ್ಪನಿಂದ ಬಂತೆಂದು ನೀವು ಹೇಳಬಹುದು. ಮಗ ಒಂದು ಸಲ ದನಿ ಎತ್ತಿದ್ದರೆ ಚಿಕ್ಕಪ್ಪನ ಧೈರ್ಯ ಅರ್ಧಕ್ಕೆ ಇಳಿಯುತ್ತಿತ್ತು ಎಂದು ನಾನು ಹೇಳುತ್ತೇನೆ.

ಇದನ್ನು ಕುಂದಲಹಳ್ಳಿಯವರಿಗೇ ಏಕೆ ಬರೆಯುತ್ತಿದ್ದೀರಿ ಎಂದು ಕೇಳಬಹುದು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಐಟಿಪಿಎಲ್ ಟೆಕ್ ಪಾರ್ಕ್ ಇನ್ನೂ ಎದ್ದಿರಲಿಲ್ಲ. ಹೊಲದಲ್ಲಿ ರಾಗಿ, ಕೆರೆಯ ಕಡೆ ತೆಂಗು, ಮನೆಯ ಮುಂದೆ ಹಸು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನಕ್ಕೆ ಅಕ್ಷರ ತಿದ್ದಿಸಿದ್ದೇನೆ. ನಿಮ್ಮ ಮನೆಗಳಲ್ಲಿ ಹಬ್ಬಕ್ಕೊಂದು ಜೊತೆ ಬಟ್ಟೆ ಬರುತ್ತಿದ್ದ ಕಾಲವನ್ನೂ ನೋಡಿದ್ದೇನೆ, ಅದೇ ಹೊಲದ ಮೇಲೆ ನಾಲ್ಕು ಮಹಡಿಯ ಪಿಜಿ ಎದ್ದು, ತಿಂಗಳ ಮೊದಲ ವಾರ ಬಾಡಿಗೆ ಎಣಿಸುವ ಕಾಲವನ್ನೂ ನೋಡುತ್ತಿದ್ದೇನೆ. 2023ರ ಮಾರ್ಚ್‌ನಲ್ಲಿ ಮೆಟ್ರೋ ಬಂದ ಮೇಲೆ ಕೋಣೆಗಳ ಬೇಡಿಕೆ ಇನ್ನೂ ಏರಿತು. ಹಣ ಬಂದದ್ದಕ್ಕೆ ನನಗೆ ಸಂತೋಷವೇ. ಬಡತನದಲ್ಲಿ ಯಾವ ಘನತೆಯೂ ಇಲ್ಲ, ಅದನ್ನು ನಾನು ಉಂಡವಳು. ಆದರೆ ‘ಘಾಚರ್ ಘೋಚರ್’ನ ಮನೆಯಲ್ಲಿ ಆದದ್ದು ನಮ್ಮ ಎಷ್ಟೋ ಮನೆಗಳಲ್ಲಿ ಆಗಿದೆ. ಹಣದ ಜೊತೆ ಹೆದರಿಕೆಯೂ ಬಂತು. ಇದ್ದದ್ದು ಹೋದೀತೆಂಬ ಹೆದರಿಕೆ, ಭಾಗ ಕೇಳಿಯಾರೆಂಬ ಹೆದರಿಕೆ, ಹೊರಗಿನಿಂದ ಬಂದವಳು ಗುಟ್ಟು ತಿಳಿದಾಳೆಂಬ ಹೆದರಿಕೆ. ಆ ಕತೆಯಲ್ಲಿ ಅಪ್ಪ ತನ್ನ ಪಾಲನ್ನು ದಾನಕ್ಕೆ ಬರೆದುಬಿಟ್ಟಾರೆಂದು ಮನೆಯವರಿಗೆಲ್ಲ ಒಳಗೊಳಗೇ ದಿಗಿಲು. ಒಬ್ಬ ಪ್ರಾಮಾಣಿಕ ಮನುಷ್ಯನ ಪ್ರಾಮಾಣಿಕತೆಯೇ ಅವನ ಹೆಂಡತಿ ಮಕ್ಕಳಿಗೆ ಅಪಾಯವಾಗಿ ಕಾಣತೊಡಗುತ್ತದೆ.

ಈ ಹೆದರಿಕೆಯಿಂದಲೇ ಕೆಲವು ಮನೆಗಳಲ್ಲಿ ಗೌರಿ ಹಬ್ಬದ ಬೆಳಿಗ್ಗೆ ಹೆಣ್ಣುಮಗಳಿಗೆ ಬಾಗಿನ ಕೊಟ್ಟು, ಸೀರೆ ಉಡಿಸಿ, ಊಟವಾದ ಮೇಲೆ ಹಕ್ಕು ಬಿಡುಗಡೆಯ ಪತ್ರ ಮುಂದಿಡುತ್ತಾರೆ. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಕಾನೂನು ತಿದ್ದಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟವು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಗಟ್ಟಿ ಮಾಡಿತು. ಸಹಿ ಹಾಕುವ ಅಕ್ಕನಿಗೆ ಇದು ಗೊತ್ತಿರುವುದಿಲ್ಲ ಎಂದು ನೀವು ತಿಳಿಯಬೇಡಿ. ಗೊತ್ತಿದ್ದೇ ಹಾಕುತ್ತಾಳೆ, ತವರಿನ ಬಾಗಿಲು ಮುಚ್ಚಬಾರದೆಂದು. ಪಕ್ಕದಲ್ಲಿ ಕೂತ ತಮ್ಮ ಪೆನ್ನು ಕೊಡುತ್ತಾನೆ, ಮುಖ ನೋಡುವುದಿಲ್ಲ.

ಈಗ ಒಂದು ಮನೆಯ ವಿಷಯ ಬರೆಯುತ್ತೇನೆ. ಹೆಸರು, ಬೀದಿ ಬೇಡ. ಆ ಹುಡುಗನಿಗೆ ಅ ಆ ಇ ಈ ಹೇಳಿಕೊಟ್ಟವಳು ನಾನೇ, ಅದಕ್ಕೇ ಅವನ ಬಗ್ಗೆ ಬರೆಯುವುದು ಕಷ್ಟ. ಎರಡು ಪಿಜಿ ಕಟ್ಟಡ, ಮುಂದೆ ನಾಲ್ಕು ಅಂಗಡಿ. ಅವನ ಕೆಲಸ ಬಾಡಿಗೆ ವಸೂಲಿ, ಟ್ಯಾಂಕರಿಗೆ ಫೋನ್ ಮಾಡುವುದು, ಅಷ್ಟೆ. ಹೆಂಡತಿ ಇಂಜಿನಿಯರಿಂಗ್ ಓದಿದವಳು, ಮದುವೆಯಾದ ಮೇಲೆ ಕೆಲಸ ಬಿಡಿಸಿದರು. ಮೊದಮೊದಲು ಸಾರಿಗೆ ಉಪ್ಪು ಹೆಚ್ಚಾಯಿತು, ಹಾಲು ಉಕ್ಕಿತು ಎಂಬ ಮಾಮೂಲಿ ಮಾತು. ಆಮೇಲೆ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಎದ್ದರೆ ಅತ್ತೆ: “ರಾತ್ರಿಯೆಲ್ಲ ಗ್ಯಾಸ್ ಹಾಗೇ ಬಿಟ್ಟಿದ್ದೀಯಲ್ಲ, ನಮ್ಮನ್ನೆಲ್ಲ ಸುಟ್ಟು ಹಾಕ್ಬೇಕು ಅಂತಿದ್ದೀಯಾ?” ಇನ್ನೊಂದು ದಿನ ಗೇಟಿನ ಬೀಗ, ಮತ್ತೊಂದು ದಿನ ಸಂಪಿನ ಮೋಟಾರು. ಅವಳಿಗೆ ಎಲ್ಲ ಆಫ್ ಮಾಡಿದ ನೆನಪು. ಮನೆಯವರೆಲ್ಲ ಒಂದೇ ಬಾಯಲ್ಲಿ ಇಲ್ಲ ಅನ್ನುತ್ತಾರೆ. ಕೊನೆಗೆ ಅವಳಿಗೇ ತನ್ನ ನೆನಪಿನ ಮೇಲೆ ನಂಬಿಕೆ ಹೋಯಿತು.

ಒಂದು ಮಧ್ಯಾಹ್ನ ಬಟ್ಟೆ ಒಣಗಿಸುವಾಗ ತಾರಸಿಯ ಮೇಲೆ ನನಗೆ ತನ್ನ ಫೋನ್ ತೋರಿಸಿದಳು. ಫೋಟೋಗಳಿಡುವ ಜಾಗದ ತುಂಬ ಒಂದೇ ಚಿತ್ರ: ಒಲೆಯ ತಿರುಪು. ಪ್ರತಿ ರಾತ್ರಿ ಮಲಗುವ ಮುನ್ನ ಗ್ಯಾಸ್ ಆಫ್ ಮಾಡಿ, ತಿರುಪಿನ ಫೋಟೋ ತೆಗೆದು, ಅದರ ಸಮಯ ನೋಡಿಕೊಂಡು ಮಲಗುತ್ತಾಳೆ. ಮಗುವಿನ ಫೋಟೋಕ್ಕಿಂತ ಒಲೆಯ ಫೋಟೋ ಹೆಚ್ಚು. ರಾತ್ರಿ ಹತ್ತು ಗಂಟೆ ದಾಟಿದ ಮೇಲಿನ ಒಂದು ಚಿತ್ರದಲ್ಲಿ ತಿರುಪು ಸರಿಯಾಗಿ ಮುಚ್ಚಿದೆ. ಮರುದಿನ ಬೆಳಿಗ್ಗೆಯೂ ಅದೇ ಬೈಗುಳ. “ನಾನು ಮುಚ್ಚಿದ್ದೆ ಅಲ್ವಾ ಮಿಸ್? ಇದು ಮುಚ್ಚಿರೋದೇ ಅಲ್ವಾ?” ಎಂದು ಚಿತ್ರ ದೊಡ್ಡದು ಮಾಡಿ ಮಾಡಿ ಕೇಳಿದಳು. ಗಂಡನಿಗೂ ತೋರಿಸಿದ್ದಳು. ಅವನು ನೋಡಿ, “ಬಿಡು, ಅಮ್ಮಂಗೆ ವಯಸ್ಸಾಯ್ತು” ಎಂದನಂತೆ. ಅವನನ್ನು ಕರೆದು ಕೂರಿಸಿ ನಾನೂ ಕೇಳಿದೆ. ರಾತ್ರಿ ಎದ್ದು ಅಡುಗೆಮನೆಗೆ ಹೋಗುವವರು ಯಾರೆಂದು ಅವನಿಗೆ ಗೊತ್ತಿತ್ತು. “ಗೊತ್ತು ಮಿಸ್. ಹೇಳಿದ್ರೆ ಮನೆ ಒಡೆಯುತ್ತೆ” ಎಂದ.

ಅವಳು ಮರೆವಿನ ಕಾಯಿಲೆಯೆಂದು ತಾನೇ ಆಸ್ಪತ್ರೆಗೆ ಹೋದಳು. ವೈದ್ಯರು ಎಲ್ಲ ಪರೀಕ್ಷೆ ಮಾಡಿ, ನೆನಪಿಗೆ ಏನೂ ಆಗಿಲ್ಲ, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದರು. ಈಗ ಅವಳು ಮಗುವಿನ ಜೊತೆ ಬೇರೆ ಊರಿನಲ್ಲಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಒಲೆಯ ಫೋಟೋ ತೆಗೆಯುವುದನ್ನು ಬಿಟ್ಟಿದ್ದಾಳೆ. ಹುಡುಗ ಇಲ್ಲೇ ಇದ್ದಾನೆ. ಒಡೆಯಬಾರದೆಂದು ಅವನು ಕಾಪಾಡಿದ ಮನೆಯಲ್ಲಿ ಈಗ ಅವನೂ ಅವನ ತಾಯಿಯೂ ಎದುರಾಬದುರು ಕೂತು ಉಣ್ಣುತ್ತಾರೆ.

ನಮ್ಮ ಭಾಷೆಯ ಓದುಗರಿಗೆ ಇಂಥ ಕತೆ ಹೊಸದಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ. ಅಷ್ಟರಲ್ಲಿ ಅವರು ಮನೆಯೊಳಗೆ ಹೆಣ್ಣಿನ ಮನಸ್ಸು ಹೇಗೆ ಮುರಿಯುತ್ತದೆ ಎಂದು ಕಾದಂಬರಿಯ ಮೇಲೆ ಕಾದಂಬರಿ ಬರೆದರು. ‘ಶರಪಂಜರ’ದ ಕಾವೇರಿಯನ್ನು ನಿಮ್ಮ ಅಮ್ಮಂದಿರು ಬಲ್ಲರು, ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ಸಿನಿಮಾದಲ್ಲಿ ಕಲ್ಪನಾ ಆ ಪಾತ್ರ ಮಾಡಿದ್ದರು. ಕಾವೇರಿ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು ಎಂದು ನೋಡುವ ಕಣ್ಣುಗಳ ನಡುವೆ ಅವಳು ಎಷ್ಟು ದಿನ ಸರಿಯಾಗಿರಬೇಕು? ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸಿದ್ದು ಕಾಯಿಲೆಯಲ್ಲ, ಮನೆ. ಗಂಡ ಸತೀಶ ನಂಬಿದ್ದರೆ ಸಾಕಿತ್ತು. ಆ ಸಿನಿಮಾ ನೋಡಿ ಒಂದು ತಲೆಮಾರು ಕಣ್ಣೀರು ಹಾಕಿತು. ಅಷ್ಟು ಅತ್ತವರ ಮನೆಗಳಲ್ಲೂ ಸೊಸೆಯಂದಿರ ಮಾತಿಗೆ ಬೆಲೆ ಹೆಚ್ಚಾಯಿತೆಂದು ನನಗೆ ಅನ್ನಿಸುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿರುವ, ಕಂಪನಿ ಬಸ್ಸಿನಲ್ಲಿ ಓಡಾಡುವ ನೀವು ಇದೆಲ್ಲ ಹಳೇ ಊರಿನವರ ಕತೆ ಎಂದುಕೊಳ್ಳಬೇಡಿ. ಶಾನಭಾಗರೇ 2021ರಲ್ಲಿ ‘ಸಕೀನಾಳ ಮುತ್ತು’ ಎಂಬ ಕಾದಂಬರಿ ಬರೆದರು. ಅದರ ವೆಂಕಟ ನಿಮ್ಮಂಥವನೇ: ಓದಿದವನು, ದುಡಿಯುವ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ತಾನು ಬಹಳ ಉದಾರಿ ಎಂಬ ನಂಬಿಕೆ. ಮಗಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಬಾಗಿಲು ತಟ್ಟಿದಾಗ ಆ ಉದಾರತೆಯ ಆಳ ಎಷ್ಟೆಂದು ಒಂದೊಂದಾಗಿ ಗೊತ್ತಾಗುತ್ತಾ ಹೋಗುತ್ತದೆ. ತನ್ನ ಮನೆಯ ಹೆಂಗಸರ ಮನಸ್ಸಿನಲ್ಲಿ ಏನಿದೆ ಎಂದು ಅವನು ಯಾವತ್ತೂ ಕೇಳಿ ತಿಳಿದುಕೊಂಡಿರಲಿಲ್ಲ. ನಿಮಗೆ ಆ ಪುಸ್ತಕ ‘ಘಾಚರ್ ಘೋಚರ್’ಗಿಂತ ಹತ್ತಿರವಾಗಬಹುದು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ನಾನೂ ಗಂಡುಮಗನನ್ನು ಹೆತ್ತವಳು, ಈಗ ಅತ್ತೆಯೂ ಹೌದು. ಹೆತ್ತವಳ ಎದುರು ನಿಂತು ‘ನೀನು ಮಾಡಿದ್ದು ತಪ್ಪಮ್ಮ’ ಎನ್ನುವುದು ಸುಲಭವಲ್ಲ. ಆ ತಾಯಿಯೂ ಒಂದು ಕಾಲದಲ್ಲಿ ತನ್ನ ಅತ್ತೆಯ ಕೈಲಿ ನಲುಗಿದವಳೇ ಇರುತ್ತಾಳೆ. ಆಗ ನಿಮ್ಮ ಅಪ್ಪ ಜಗಲಿಗೆ ಎದ್ದು ಹೋಗಿದ್ದರು. ಹಾಗೆಂದು ಅವಳು ಇವಳ ಮೇಲೆ ತೀರಿಸಿಕೊಳ್ಳುವುದನ್ನು ನೀವು ನೋಡುತ್ತಾ ಕೂರುವುದು ತಾಯಿಗೆ ತೋರುವ ಗೌರವವಲ್ಲ. ಯಾರ ಪರವೂ ವಹಿಸುವುದಿಲ್ಲ ಎಂದು ಹೇಳುವಿರಲ್ಲ, ನಾಲ್ಕು ಜನ ಒಂದು ಕಡೆ, ಒಬ್ಬಳು ಇನ್ನೊಂದು ಕಡೆ ಇರುವಾಗ ಸುಮ್ಮನಿದ್ದವನು ನಾಲ್ಕು ಜನರ ಕಡೆಯೇ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನೀವು ಕಣ್ಣಾರೆ ಕಂಡದ್ದನ್ನು ಕಂಡೆ ಎಂದು ಹೇಳಿ. ಅಮ್ಮನನ್ನು ಬೈಯಬೇಕಿಲ್ಲ, ಹೆಂಡತಿಯನ್ನು ಹೊಗಳಬೇಕಿಲ್ಲ. “ಗ್ಯಾಸ್ ಅವಳು ಮುಚ್ಚಿದ್ದಳು, ನಾನು ನೋಡಿದೆ” ಎಂಬ ಒಂದು ವಾಕ್ಯ ಸಾಕು. ಅದನ್ನು ರಾತ್ರಿ ಕೋಣೆಯಲ್ಲಿ ಅವಳ ಕಿವಿಯಲ್ಲಿ ಹೇಳಿ ಪ್ರಯೋಜನವಿಲ್ಲ, ಎಲ್ಲರೂ ಕೂತಿರುವಾಗ ಹೇಳಿ. ಅವಳ ಒಡವೆ, ಅಂಕಪಟ್ಟಿ, ಆಧಾರ್, ಬ್ಯಾಂಕಿನ ಕಾರ್ಡು ನಿಮ್ಮ ಅಮ್ಮನ ಬೀರುವಿನಲ್ಲಿದ್ದರೆ ಈ ವಾರವೇ ಅವಳ ಕೈಗೆ ಕೊಡಿಸಿ. ಅವಳು ಕೆಲಸಕ್ಕೆ ಹೋಗುತ್ತೇನೆಂದರೆ ಅದನ್ನು ಮನೆಯ ಸಭೆಗೆ ಇಡಬೇಡಿ. ಅಕ್ಕತಂಗಿಯರಿಂದ ಹಬ್ಬದ ದಿನ ಸಹಿ ಹಾಕಿಸುವುದಿದ್ದರೆ ನೀವು ಪೆನ್ನು ಕೊಡಬೇಡಿ. ಮೊದಲು ಅವಳು ತನ್ನದೇ ವಕೀಲರನ್ನು ಕೇಳಿ ಬರಲಿ ಎನ್ನಿ.

ಕಾನೂನನ್ನೂ ಒಮ್ಮೆ ಓದಿ. 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಎನ್ನುವುದಿಲ್ಲ. ಹೀಯಾಳಿಸುವುದು, ಅವಮಾನಿಸುವುದು, ಅವಳ ಸ್ತ್ರೀಧನವನ್ನು ತಡೆಹಿಡಿಯುವುದು, ಖರ್ಚಿಗೆ ಕೊಡದಿರುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಮನೆ ನಮ್ಮಪ್ಪನ ಹೆಸರಿನಲ್ಲಿದೆ, ಹೊರಗೆ ಹೋಗು ಎನ್ನುವ ಮಾತು ನಮ್ಮೂರಿನಲ್ಲಿ ಸಾಮಾನ್ಯ. ಸೊಸೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅವಳು ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲೇ ಹೇಳಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಪೊಲೀಸರ ತುರ್ತು ಸಂಖ್ಯೆ 112. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಅಮ್ಮನಿಗೂ ಹೆಂಡತಿಗೂ ನಡುವೆ ಸಿಕ್ಕಿ ನಿದ್ದೆ ಬಾರದಿದ್ದರೆ ಆ ಕೊನೆಯ ಸಂಖ್ಯೆ ನಿಮಗೂ ಇದೆ. ಗಂಡಸರು ಅದಕ್ಕೆ ಫೋನ್ ಮಾಡಬಾರದೆಂದು ಎಲ್ಲೂ ಬರೆದಿಲ್ಲ.

‘ಘಾಚರ್ ಘೋಚರ್’ ಓದಿ. ಓದುವಾಗ ಅನಿತಾ ಏನಾದಳು ಎಂದು ಕೊನೆಯ ಪುಟದಲ್ಲಿ ಹುಡುಕುವ ಬದಲು, ಕತೆ ಹೇಳುವ ಹುಡುಗನಿಗೆ ಬಾಯಿ ತೆರೆಯಲು ಎಷ್ಟು ಸಲ ಅವಕಾಶವಿತ್ತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗಿ. ಆಮೇಲೆ ಪುಸ್ತಕವನ್ನು ನಿಮ್ಮ ಹೆಂಡತಿಗೂ ಅಮ್ಮನಿಗೂ ಕೊಡಿ. ಮೂವರೂ ಓದಿದ ಮೇಲೆ ಮೇಜಿನ ಮುಂದೆ ಕೂತು ಮಾತಾಡಿ, ಮತ್ತು ಈ ಸಲ ಮೊದಲು ನೀವು ಮಾತಾಡಿ.

ಇತಿ,
ನಿಮ್ಮ ಹಿತ ಬಯಸುವ
ಒಬ್ಬ ನಿವೃತ್ತ ಶಿಕ್ಷಕಿ
ಕುಂದಲಹಳ್ಳಿ, ಬೆಂಗಳೂರು